ಗುಮ್ಮಟ ಎಂಬ ಮಾತು

ಆಲೂರು ತಾಲ್ಲೂಕಿನ ನಮ್ಮ ಕುಂದೂರಿನ ಕಡೆ ಗುಮ್ಮಟವೆಂಬ ಮಾತಿಗೆ ಕೆಲಸ ಕಡಮೆ. ಮಳೆನಾಡಿನ ಮನೆಗೆ ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಸೂರು ಬೇಕು. ಗುಮ್ಮಟಕ್ಕೆ ಅಂಥ ಸೂರೆಲ್ಲಿಂದ ಬರಬೇಕು? ಹುಲ್ಲು ಹೋಗಿ ಹೆಂಚು ಬಂದರೂ ಇಳಿಜಾರು ಹೋಗಲಿಲ್ಲ. ಆದರೂ ಈ ಮಾತು ಹಾಸನದ ಸೀಮೆಯಲ್ಲಿ ಒಂದು ತೊಡಕನ್ನು ತಂದಿಟ್ಟಿದೆ. ಶ್ರವಣಬೆಳಗೊಳದ ಗೊಮ್ಮಟನೂ ಬಿಜಾಪುರದ ಗೋಳಗುಮ್ಮಟವೂ ಒಂದೇ ಮೂಲದ ಹೆಸರುಗಳೆಂದೂ, ಎರಡಕ್ಕೂ ‘ದೊಡ್ಡದು’ ಎಂದೇ ಅರ್ಥವೆಂದೂ ಓದಿದವರ ಬಾಯಲ್ಲೇ ಕೇಳಿದ್ದೇನೆ. ಗುಮ್ಮಟ ಎಂಬ ರೂಪ ಆ ಜಿನಮೂರ್ತಿಗೂ ಬಳಕೆಯಲ್ಲಿರುವುದರಿಂದ ಈ ಊಹೆಗೆ ಇನ್ನಷ್ಟು ಬಲ ಬಂದಿದೆ.

ಕಟ್ಟಡದ ಗುಮ್ಮಟ ಪಾರಸಿಯ ‘ಗುಂಬದ್’. ಮರಾಠಿಯಲ್ಲಿ ಅದು ಘುಮಟ, ನಮ್ಮಲ್ಲಿ ಗುಂಬಜ್ ಮತ್ತು ಗುಮ್ಮಟ. ಕಮಾನೊಂದನ್ನು ನಡುಗೆರೆಯ ಸುತ್ತ ತಿರುಗಿಸಿದಂತೆ ಕಾಣುವ ಚಾವಣಿ ಎಂಬುದು ಮೊದಲ ಅರ್ಥ. ಆದರೆ ಮಾತು ಚಾವಣಿಯಲ್ಲೇ ನಿಲ್ಲಲಿಲ್ಲ. ಗೋಡೆಯಿಳಿದು, ಒಳಗೆ ಮಲಗಿದವರನ್ನೂ ಸೇರಿಸಿಕೊಂಡಿತು. ಇರಾನಿನ ಗುಂಬದ್-ಎ-ಕಾಬೂಸ್ ಎಂಬ ಸಮಾಧಿಗೋಪುರ ಸುಮಾರು ಕ್ರಿ.ಶ. 1006ರದು. ಅದರ ನೆತ್ತಿ ಉರುಟಾಗಿಲ್ಲ, ಶಂಕುವಿನಂತೆ ಚೂಪಾಗಿದೆ. ಹೆಸರು ಮಾತ್ರ ಗುಂಬದ್! ಅರಬ್ಬಿಯ ‘ಕುಬ್ಬ’ ಎಂಬ ಮಾತಿಗೂ ಹೀಗೆಯೇ ಗುಮ್ಮಟ, ಸಂತರ ಸಮಾಧಿ ಎಂಬ ಎರಡರ್ಥಗಳುಂಟು. ಇಂಗ್ಲಿಷಿನ ‘ಡೋಮ್’ ಲ್ಯಾಟಿನ್ನಿನ ‘ಮನೆ’ ಎಂಬ ಮಾತಿನಿಂದ ಬಂದದ್ದು. ಸತ್ತವರ ಮನೆಯೂ ಮನೆಯೇ ತಾನೆ.

ನಮ್ಮ ನಾಡಿನಲ್ಲಿಯೂ ಸಮಾಧಿಯ ಅರ್ಥವೇ ಮುಂದಾಯಿತು. ಕಲಬುರ್ಗಿಯ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಮೇಲೆ ಗುಮ್ಮಟಗಳು ಸಾಲುಗಟ್ಟಿವೆ. ಅದನ್ನು ಯಾರೂ ಗುಂಬಜ್ ಎನ್ನುವುದಿಲ್ಲ. ಊರಿನ ಇನ್ನೊಂದು ಕಡೆ ಬಹಮನಿ ಸುಲ್ತಾನರ ಸಮಾಧಿಗಳಿವೆ. ಅವುಗಳಿಗೆ ‘ಹಫ್ತ್ ಗುಂಬಜ್’, ಏಳು ಗುಂಬಜ್ ಎಂದು ಹೆಸರು. ಅಲ್ಲಿ ಫಿರೋಜ್ ಷಹನ ಸಮಾಧಿಯೊಂದಕ್ಕೇ ಎರಡು ಗುಮ್ಮಟಗಳುಂಟು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಷಹನ ಸಮಾಧಿಯೇ ಗೋಳಗುಮ್ಮಟ. ಅದರ ಒಳಅಗಲ ಸುಮಾರು 124 ಅಡಿ. ಕೆಳಗಿನ 18,000 ಚದರಡಿ ನೆಲದಲ್ಲಿ ಒಂದು ಕಂಬವೂ ಇಲ್ಲ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಅಲ್ಲಿನ ಶಿಲ್ಪಿಗಳು ಎಂಟು ಕಮಾನುಗಳನ್ನು ಒಂದಕ್ಕೊಂದು ಅಡ್ಡಹಾಯಿಸಿ, ಅವುಗಳ ನಡುವಿನ ಕಟ್ಟಡವನ್ನು ಒಳಮುಖವಾಗಿ ತೂಗಬಿಟ್ಟರು. ಹೊರನೂಕಿಗೆ ಒಳತೂಕ ಎದುರುನಿಂತಿತು. ಪಿಸುಗುಟ್ಟುವ ಮೊಗಸಾಲೆಯ ಪ್ರತಿಧ್ವನಿ ಕೇಳಲು ಹೋಗುವವರು ತಲೆಯೆತ್ತಿ ಈ ಕಮಾನುಗಳನ್ನೂ ಒಮ್ಮೆ ನೋಡಬೇಕು. ಕೂಗುವ ಭರದಲ್ಲಿ ಹೆಚ್ಚಿನವರು ನೋಡುವುದಿಲ್ಲ.

ಇನ್ನು ಗೊಮ್ಮಟ. ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಮೂರ್ತಿಯನ್ನು ಸುಮಾರು 1180ರ ಬೊಪ್ಪಣ ಪಂಡಿತನ ಶಾಸನ ಗೊಮ್ಮಟನೆಂದೇ ಕೊಂಡಾಡಿದೆ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಗುಂಬಜ್ ಕಟ್ಟುವವರು ದಖನ್ನಿಗೆ ಬರುವ ಮೊದಲೇ ಗೊಮ್ಮಟನ ಹೆಸರು ಕಲ್ಲಿನ ಮೇಲೆ ಕೂತಿತ್ತು. ಮನ್ಮಥ ಎಂಬುದೇ ಪ್ರಾಕೃತದ ಮೂಲಕ ಗೊಮ್ಮಟವಾಯಿತೆಂದು ಗೋವಿಂದ ಪೈಗಳು ಸೂಚಿಸಿದರು. ಅದು ಚಾವುಂಡರಾಯನ ಮನೆಯ ಹೆಸರು, ಅವನ ದೇವರು ಗೊಮ್ಮಟೇಶ್ವರ ಎಂದು ಆ.ನೇ. ಉಪಾಧ್ಯೆಯವರು ವಾದಿಸಿದರು. ನೇಮಿಚಂದ್ರರ ಗ್ರಂಥಕ್ಕೆ ‘ಗೊಮ್ಮಟಸಾರ’ವೆಂಬ ಹೆಸರಿರುವುದರಿಂದ ನನಗೆ ಉಪಾಧ್ಯೆಯವರ ಮಾತೇ ಹಿಡಿಸುತ್ತದೆ. ಯಾವುದನ್ನು ಒಪ್ಪಿದರೂ ಪಾರಸಿಗೆ ಅಲ್ಲಿ ಜಾಗವಿಲ್ಲ. ಬಯಲಲ್ಲಿ ಬಿಸಿಲುಮಳೆಗೆ ನಿಂತ ಮೂರ್ತಿಗೆ ಚಾವಣಿಯ ಹೆಸರಿಡುವುದಾದರೂ ಹೇಗೆ?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತಪ್ಪು. ಬೇಲೂರಿನ ನವರಂಗದಲ್ಲಿ ನಿಂತವರು ನೆತ್ತಿಯ ಮೇಲಿನ ಉರುಟು ಕೆತ್ತನೆಯನ್ನು ತೋರಿಸಿ, ‘ನೋಡಿ, ಗುಮ್ಮಟ’ ಎನ್ನುತ್ತಾರೆ. ಅದಕ್ಕೆ ‘ಭುವನೇಶ್ವರಿ’ ಎಂಬ ಸೊಗಸಾದ ಹೆಸರಿದೆ. ಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ತುಸುತುಸುವೇ ಒಳಕ್ಕೆ ಚಾಚಿ, ಕೊನೆಗೆ ನಡುವನ್ನು ಮುಚ್ಚುವ ಕೆಲಸ ಅದು. ಭಾರ ನೇರ ಕೆಳಕ್ಕೇ ಇಳಿಯುತ್ತದೆ. ಕಮಾನಿನ ಹೊರನೂಕು ಅಲ್ಲಿಲ್ಲ. ಹೊರಗಿನಿಂದ ನೋಡಿದರೆ ಉರುಟು ಕಾಣುವುದೂ ಇಲ್ಲ. ಗುಂಬಜ್ ಮೈಲಿಗಳಾಚೆ ಕಾಣಲೆಂದು ಕಟ್ಟಿದ್ದು, ಭುವನೇಶ್ವರಿ ಒಳಗೆ ಬಂದವರಿಗಾಗಿ ಕಟ್ಟಿದ್ದು. ಎರಡಕ್ಕೂ ಒಂದೇ ಹೆಸರಿಟ್ಟರೆ ಇಬ್ಬರು ಶಿಲ್ಪಿಗಳಿಗೂ ಅನ್ಯಾಯ.

ಸಕಲೇಶಪುರದ ನೆತ್ತಿಯಲ್ಲಿ 1792ರಲ್ಲಿ ಎಂಟು ಮೂಲೆಯ ಮಂಜರಾಬಾದ್ ಕೋಟೆ ಕಟ್ಟಿಸಿದ ಟಿಪ್ಪುವೇ ಅದಕ್ಕೆ ಕೆಲವು ವರ್ಷ ಮೊದಲು ಶ್ರೀರಂಗಪಟ್ಟಣದಲ್ಲಿ ತಂದೆ ಹೈದರನಿಗೆ ಸಮಾಧಿ ಕಟ್ಟಿಸಿದ. 1799ರಲ್ಲಿ ತಾನೂ ಅಲ್ಲಿಯೇ ಸೇರಿದ. ಇಂದಿಗೂ ಜನ ‘ಗುಂಬಜ್‌ಗೆ ಹೋಗಿಬಂದೆವು’ ಎನ್ನುತ್ತಾರೆ. ಅಲ್ಲಿ ಚಾವಣಿಯ ಅರ್ಥ ಯಾರಿಗೂ ನೆನಪಿಗೆ ಬರುವುದಿಲ್ಲ.

ಗುಮ್ಮಟ ಎಂಬ ಕನ್ನಡದ ರೂಪ ಮಾತ್ರ ಸಮಾಧಿಯಿಂದ ಹೊರಬಂದಿದೆ. 1897ರ ಬೆಂಕಿಯ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರಲ್ಲಿ ಮುಗಿದ ಮೈಸೂರು ಅರಮನೆಗೆ ಗುಮ್ಮಟಗಳಿವೆ. ಕೆಂಗಲ್ ಹನುಮಂತಯ್ಯನವರ ವಿಧಾನಸೌಧದ ನೆತ್ತಿಯಲ್ಲಿ 60 ಅಡಿ ಅಗಲದ ಗುಮ್ಮಟವಿದೆ, ಮೇಲೆ ನಾಲ್ಕು ಸಿಂಹಗಳು ಕೂತಿವೆ. 1956ರಲ್ಲಿ ಕಟ್ಟಡ ಮುಗಿದಾಗಿನಿಂದಲೂ ಶಾಸಕರು ಅದರಡಿಯಲ್ಲೇ ಮಾತಾಡುತ್ತಿದ್ದಾರೆ.