ಆ್ಯಡಿ ಬರೆದಳು, ರೆಬೆಕಾ ಕಾಪಿಟ್ಟಳು

ಆಫ್ರಿಕನ್-ಅಮೆರಿಕನ್ ಹೆಣ್ಣುಮಕ್ಕಳ ಗೆಳೆತನ ಎಂದೊಡನೆ ಸಾಹಿತ್ಯದ ಓದುಗರಿಗೆ ಟೋನಿ ಮಾರಿಸನ್ ಅವರ ‘ಸುಲಾ’ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ಆ ಕಾದಂಬರಿಗಿಂತ ನೂರು ವರ್ಷ ಹಳೆಯದಾದ ಪತ್ರಗಳ ಒಂದು ಕಟ್ಟು.

ರೆಬೆಕಾ ಪ್ರೈಮಸ್ ಹುಟ್ಟಿದ್ದು 1836ರಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನಲ್ಲಿ. ಅವಳದು ಗುಲಾಮಗಿರಿಯಿಂದ ಮುಕ್ತವಾಗಿದ್ದ, ಸ್ವಂತ ಮನೆಯಿದ್ದ ಕಪ್ಪು ಕುಟುಂಬ. ಅವಳಿಗಿಂತ ಸುಮಾರು ಐದು ವರ್ಷ ಚಿಕ್ಕವಳಾದ ಆ್ಯಡಿ ಬ್ರೌನ್ ಮಾತ್ರ ಕಂಡವರ ಮನೆಗೆಲಸ ಮಾಡಿಕೊಂಡು ಊರೂರು ಬದಲಿಸಿದವಳು. 1859ರಿಂದ 1868ರವರೆಗೆ ಅವಳು ರೆಬೆಕಾಗೆ ಬರೆದ ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಶಾಲೆಯ ಓದು ಕಡಿಮೆ. ಕಿವಿಗೆ ಕೇಳಿದಂತೆ ಕಾಗುಣಿತ. ಆದರೆ ಕೂಲಿ, ಮನೆಯೊಡತಿಯರ ಸಿಡುಕು, ಊರಿನ ಸುದ್ದಿ, ಕಾಣಲಾರದ ಗೆಳತಿಗಾಗಿ ಹಂಬಲ ಎಲ್ಲವೂ ಅಲ್ಲಿದೆ.

1865ರಲ್ಲಿ ಅಂತರ್ಯುದ್ಧ ಮುಗಿಯಿತು. ಬಿಡುಗಡೆ ಹೊಂದಿದವರಿಗೆ ಅಕ್ಷರ ಕಲಿಸಲು ರೆಬೆಕಾ ಮೇರಿಲ್ಯಾಂಡ್‌ನ ರಾಯಲ್ ಓಕ್‌ಗೆ ಹೊರಟಳು. ಅಲ್ಲಿ ಕಟ್ಟಿದ ಶಾಲೆಗೆ ಅವಳ ಮನೆತನದ ಹೆಸರೇ ಬಂತು. ಅದೇ ವರ್ಷಗಳಲ್ಲಿ ಆ್ಯಡಿ ಫಾರ್ಮಿಂಗ್ಟನ್‌ನಲ್ಲಿ ಬಿಳಿಯ ಹುಡುಗಿಯರ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ಒಬ್ಬಳು ಶಾಲೆಯಲ್ಲಿ ಪಾಠ ಹೇಳುವವಳು, ಇನ್ನೊಬ್ಬಳು ಶಾಲೆಯಲ್ಲಿ ದುಡಿಯುವವಳು. ಈ ಅಂತರವನ್ನು ಅವರ ಗೆಳೆತನ ಅಳಿಸಲಿಲ್ಲ, ದಾಟಿತು. ಆ ಕಾಲದಲ್ಲಿ ಅದೇನು ಸಣ್ಣ ಮಾತಲ್ಲ.

ಇದು ಗೆಳೆತನವೋ ಪ್ರೇಮವೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಮುತ್ತು, ಅಪ್ಪುಗೆಗಳನ್ನು ಆ್ಯಡಿ ಮುಚ್ಚುಮರೆಯಿಲ್ಲದೆ ಬರೆಯುತ್ತಾಳೆ. ಹಾಗಾಗಿ ‘ಬರೀ ಗೆಳತಿಯರು’ ಎಂದು ತೇಲಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಅವರ ಒಡನಾಟ ಪ್ರೈಮಸ್ ಮನೆಯವರಿಗೆ ಗೊತ್ತಿತ್ತು ಎಂಬುದೂ ಗಮನಿಸಬೇಕಾದ ಸಂಗತಿ.

1868ರಲ್ಲಿ ಆ್ಯಡಿ ಮದುವೆಯಾದಳು. 1870ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡಳು. ಮುಂದೆ ರೆಬೆಕಾಳಿಗೂ ಮದುವೆಯಾಯಿತು. ಅವಳು 1932ರವರೆಗೆ, 95 ವರ್ಷ ಬದುಕಿದಳು. ಅರವತ್ತಕ್ಕೂ ಹೆಚ್ಚು ವರ್ಷ ಆ ಪತ್ರಗಳನ್ನು ಎಸೆಯಲಿಲ್ಲ. ಕನೆಕ್ಟಿಕಟ್‌ನ ಇತಿಹಾಸ ಸಂಸ್ಥೆಯ ಸಂಗ್ರಹ ಸೇರಿದ್ದ ಅವು 1999ರಲ್ಲಿ ಫರಾ ಜಾಸ್ಮಿನ್ ಗ್ರಿಫಿನ್ ಅವರ ಸಂಪಾದನೆಯಲ್ಲಿ ಪುಸ್ತಕವಾದವು.

ರೆಬೆಕಾ ತನ್ನ ಮನೆಯವರಿಗೆ ಬರೆದ ಪತ್ರಗಳೂ ಉಳಿದಿವೆ. ಆ್ಯಡಿಗೆ ಬರೆದವು ಮಾತ್ರ ಸಿಕ್ಕಿಲ್ಲ. ಊರೂರು ಅಲೆಯುವ ಕೆಲಸದವಳಿಗೆ ಕಾಗದ ಕಾಪಿಡಲು ಪೆಟ್ಟಿಗೆಯಾದರೂ ಎಲ್ಲಿಯದು? ದಾಖಲೆ ಉಳಿಯಬೇಕಾದರೆ ಮನೆ ಬೇಕು. ಮನೆಯಿಲ್ಲದ ಆ್ಯಡಿಯ ದನಿ ನಮ್ಮವರೆಗೆ ಬಂದದ್ದು, ಮನೆಯಿದ್ದ ಗೆಳತಿ ಅದಕ್ಕೆ ಜಾಗ ಕೊಟ್ಟದ್ದರಿಂದ.