ಬೆನ್ನುಮೂಳೆಯ ಮೇಲಿಟ್ಟ ಕೈ: ಕೈರೋಪ್ರ್ಯಾಕ್ಟಿಕ್ ಇತಿಹಾಸ ಮತ್ತು ಸಂಧಿವಾತ

ಅಮೆರಿಕದ ಬಹುತೇಕ ಊರುಗಳ ಅಂಗಡಿ ಸಾಲುಗಳಲ್ಲಿ ಕೈರೋಪ್ರ್ಯಾಕ್ಟಿಕ್ ಚಿಕಿತ್ಸಾಲಯದ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಕೀಲುನೋವಿನಿಂದ ಬಳಲುವ ನಮ್ಮ ಹಿರಿಯರು, ಮಕ್ಕಳ ಮನೆಗೆಂದು ಊರಿನಿಂದ ಬಂದ ತಂದೆತಾಯಂದಿರು, "ಅಲ್ಲಿಗೆ ಹೋಗಬಹುದೇ ಡಾಕ್ಟ್ರೇ?" ಎಂದು ಕೇಳುವುದುಂಟು. ಉತ್ತರಕ್ಕೆ ಮೊದಲು ಈ ಪದ್ಧತಿ ನಡೆದುಬಂದ ದಾರಿಯನ್ನು ಅರಿಯುವುದು ಉಚಿತ.

ಇದರ ಮೂಲಪುರುಷ ಡೇನಿಯಲ್ ಡೇವಿಡ್ ಪಾಮರ್. 1845ರಲ್ಲಿ ಕೆನಡಾದಲ್ಲಿ ಹುಟ್ಟಿದ ಆತ, ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ನಗರದಲ್ಲಿ ಕಾಂತಚಿಕಿತ್ಸೆ ನಡೆಸುತ್ತಿದ್ದ. 1895ರ ಸೆಪ್ಟೆಂಬರ್ 18ರಂದು ಹಾರ್ವೆ ಲಿಲಾರ್ಡ್ ಎಂಬ ಕಿವುಡ ಕೆಲಸಗಾರನ ಕಶೇರುಕವೊಂದನ್ನು ಒತ್ತಿ ಸರಿಪಡಿಸಿದಾಗ ಆತನಿಗೆ ಶ್ರವಣಶಕ್ತಿ ಮರಳಿತೆಂದು ಪಾಮರ್ ಸಾರಿದ. ಶ್ರವಣನರವು ಬೆನ್ನುಮೂಳೆಯ ಮೂಲಕ ಹಾದುಹೋಗುವುದಿಲ್ಲ ಎಂಬ ಆಕ್ಷೇಪ ಇಂದಿಗೂ ನಿಂತಿದೆ. ಆದರೂ ಕಶೇರುಕಗಳ ಸ್ಥಾನಪಲ್ಲಟವೇ ಬಹುಪಾಲು ರೋಗಗಳ ಮೂಲವೆಂಬ ಸಿದ್ಧಾಂತವನ್ನು ಆತ ಕಟ್ಟಿದ. ಅದಕ್ಕೆ 'ಸಬ್‌ಲಕ್ಸೇಷನ್' ಎಂಬ ಹೆಸರು ರೂಢಿಗೆ ಬಂತು. ಕೈ ಮತ್ತು ಕ್ರಿಯೆ ಎಂಬರ್ಥದ ಗ್ರೀಕ್ ಪದಗಳನ್ನು ಜೋಡಿಸಿ ಪದ್ಧತಿಗೆ ಹೆಸರಿಡಲು ನೆರವಾದವರು ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ. 1897ರಲ್ಲಿ ಡ್ಯಾವೆನ್‌ಪೋರ್ಟ್‌ನಲ್ಲೇ ಶಾಲೆಯೂ ಆರಂಭವಾಯಿತು.

ಕಾನೂನಿನ ಹಾದಿ ಸುಗಮವಾಗಿರಲಿಲ್ಲ. ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪದ ಮೇಲೆ 1906ರಲ್ಲಿ ಪಾಮರ್ ಸೆರೆಮನೆ ಸೇರಿದ. 1913ರಲ್ಲಿ ಕ್ಯಾನ್ಸಸ್ ರಾಜ್ಯ ಮೊದಲಿಗೆ ಈ ವೃತ್ತಿಗೆ ಮಾನ್ಯತೆ ನೀಡಿತು; ಕೊನೆಯದಾದ ಲೂಯಿಸಿಯಾನ ನೀಡಿದ್ದು 1974ರಲ್ಲಿ. ಈ ನಡುವೆ 1963ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನಕಲಿ ವೈದ್ಯದ ವಿರುದ್ಧ ಸಮಿತಿ ರಚಿಸಿ, ಕೈರೋಪ್ರ್ಯಾಕ್ಟರ್‌ಗಳೊಡನೆ ವೈದ್ಯರ ವೃತ್ತಿಸಂಬಂಧವನ್ನೇ ನಿಷೇಧಿಸಹೊರಟಿತು. 1976ರಲ್ಲಿ ಚೆಸ್ಟರ್ ವಿಲ್ಕ್ ಮತ್ತು ಸಂಗಡಿಗರು ನ್ಯಾಯಾಲಯದ ಮೊರೆ ಹೊಕ್ಕರು. ಆ ಬಹಿಷ್ಕಾರವು ಸ್ಪರ್ಧೆಯನ್ನು ರಕ್ಷಿಸುವ ಕಾನೂನಿನ ಉಲ್ಲಂಘನೆಯೆಂದು 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಸೆಂಡ್ಯಾನರ್ ತೀರ್ಪಿತ್ತರು. ಆದರೆ ಅದು ಚಿಕಿತ್ಸೆಯ ಫಲಕಾರಿತ್ವಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ. ವೃತ್ತಿ ನಡೆಸುವ ಹಕ್ಕು ಬೇರೆ, ಔಷಧೀಯ ಸತ್ಯ ಬೇರೆ.

1972ರ ಕಾಯ್ದೆಯಿಂದ ಮೆಡಿಕೇರ್ ಕೂಡ ಇದಕ್ಕೆ ಬಾಗಿಲು ತೆರೆಯಿತು. ಇಂದಿಗೂ ಅದು ಹಣ ಕೊಡುವುದು ಬೆನ್ನುಮೂಳೆಯ ಸಬ್‌ಲಕ್ಸೇಷನ್ ಸರಿಪಡಿಸುವ ಕೈಚಿಕಿತ್ಸೆಗೆ ಮಾತ್ರ. ಪಾಮರನ ಕಾಲದ ಪದ ಕಾನೂನಿನಲ್ಲಿ ಹೀಗೆ ಉಳಿದುಕೊಂಡಿದೆ.

ಸಂಧಿವಾತಕ್ಕೆ ಬಂದರೆ, ಅದು ಒಂದೇ ರೋಗವಲ್ಲ. ಕೆಳಬೆನ್ನಿನ ನೋವಿಗೆ ಔಷಧರಹಿತ ಉಪಾಯಗಳಲ್ಲೊಂದಾಗಿ ಬೆನ್ನುಮೂಳೆಯ ಕೈಚಿಕಿತ್ಸೆಯನ್ನು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಸೇರಿಸಿದೆ. ಮಂಡಿಸವೆತಕ್ಕೆ ವ್ಯಾಯಾಮ ಮತ್ತು ತೂಕ ಇಳಿಕೆಯೇ ಗಟ್ಟಿಯಾದ ಆಧಾರವುಳ್ಳವು. ಸವೆದ ಮೃದ್ವಸ್ಥಿಯನ್ನು ಯಾರ ಕೈಯೂ ಮರಳಿ ಬೆಳೆಸಲಾರದು. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಮೇಲೆರಗುತ್ತದೆ. ಅಲ್ಲಿ ಔಷಧ ತಡವಾದಷ್ಟೂ ಕೀಲು ಹಾಳಾಗುತ್ತದೆ. ಮೇಲಾಗಿ ಕತ್ತಿನ ಮೊದಲೆರಡು ಕಶೇರುಕಗಳನ್ನು ಬಿಗಿದ ಅಸ್ಥಿರಜ್ಜುಗಳು ಸಡಿಲಗೊಂಡಿರಬಹುದು. ಆಗ ಕತ್ತನ್ನು ಥಟ್ಟನೆ ತಿರುಗಿಸಿದರೆ ಬೆನ್ನುಹುರಿಗೇ ಅಪಾಯ. ಬೆನ್ನುಮೂಳೆ ಬೆಸೆದುಕೊಂಡ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೂ, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿ ಮೂಳೆ ಟೊಳ್ಳಾದವರಿಗೂ ಮೂಳೆ ಮುರಿಯುವ ಭಯವಿದೆ. ನಮ್ಮೂರ ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ನೆಟಿಕೆ ತೆಗೆಯುವ ರೂಢಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಆ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುವುದೇ ಹೊರತು ಮೂಳೆ ಸ್ವಸ್ಥಾನಕ್ಕೆ ಮರಳಿದ್ದರಿಂದಲ್ಲ.

ಆದುದರಿಂದ ಕೈರೋಪ್ರ್ಯಾಕ್ಟರ್ ಬಳಿ ಹೋಗುವ ಮುನ್ನ ನಿಮ್ಮ ಸಂಧಿವಾತ ಯಾವ ಬಗೆಯದೆಂದು ವೈದ್ಯರಿಂದ ತಿಳಿಯಿರಿ. ಹೋದಲ್ಲಿ ರೋಗದ ಹೆಸರನ್ನೂ ಸೇವಿಸುತ್ತಿರುವ ಔಷಧಗಳನ್ನೂ ಮರೆಮಾಚದೆ ಹೇಳಿರಿ. ಔಷಧ ನಿಲ್ಲಿಸೆಂದು ಯಾರಾದರೂ ಹೇಳಿದರೆ, ನಿಲ್ಲಿಸುವ ಮೊದಲು ನಿಮ್ಮ ವೈದ್ಯರಿಗೆ ಒಂದು ಕರೆ ಮಾಡಿರಿ.