ಗರಡಿಯೆಂಬ ಮಾತು

ಡಾ. ರಾಜ್‌ಕುಮಾರ್, ಜಿ. ವಿ. ಅಯ್ಯರ್, ಬಿ. ವಿ. ಕಾರಂತ ಮೊದಲಾದ ಮಹನೀಯರನ್ನು ನೆನೆವಾಗ, ಅವರು ಗುಬ್ಬಿ ನಾಟಕ ಕಂಪನಿಯ ಗರಡಿಯಲ್ಲಿ ಪಳಗಿದವರೆಂದು ಸಹಜವಾಗಿ ಹೇಳುತ್ತೇವೆಯೇ ವಿನಾ, ಆ ಕಂಪನಿಯ ಶಾಲೆಯಲ್ಲಿ ಕಲಿತವರೆಂದು ಯಾರೂ ಹೇಳುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಜನ್ಮತಾಳಿ, ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಕೀರ್ತಿವೆತ್ತ ಆ ಮಂಡಳಿಯನ್ನು ಬಾಲಕನಾಗಿ ಸೇರಿದವನು ಹಾಡು, ಮಾತು, ನಡೆ ಮೂರನ್ನೂ ಒಟ್ಟೊಟ್ಟಿಗೆ ರೂಢಿಸಿಕೊಂಡು, ಬಂದ ಪಾತ್ರಕ್ಕೆ ಹೆಗಲು ಕೊಡಲು ಸದಾ ಸಿದ್ಧನಾಗಿರಬೇಕಾಗಿದ್ದುದರಿಂದ, ಅಂಥ ಶಿಕ್ಷಣಕ್ಕೆ ಪೈಲ್ವಾನರ ಮನೆಯ ಹೆಸರೇ ಕನ್ನಡಿಗರ ಬಾಯಿಗೆ ಒಪ್ಪಿತೆಂದು ತೋರುತ್ತದೆ. ಜಿಮ್ಮುಗಳಲ್ಲಿ ಈಚೆಗೆ ‘ಫಂಕ್ಷನಲ್ ಫಿಟ್‌ನೆಸ್’ ಎಂದು ಕರೆಯಲ್ಪಡುವ, ಅಂದರೆ ಬದುಕಿನ ಕೆಲಸಕ್ಕೆ ಒದಗುವ ದೇಹಸಾಮರ್ಥ್ಯದ ಪೂರ್ವಚರಿತ್ರೆಯನ್ನು ಅರಸುವಾಗ, ನನಗೆ ಈ ಗರಡಿಯೆಂಬ ಮಾತೇ ದಾರಿ ತೋರಿತು.

ಹಳೆಯ ಮೈಸೂರು ಸೀಮೆಯ ಗರಡಿಮನೆಯ ಬಾಗಿಲು ಗಿಡ್ಡದು. ತಲೆ ತಗ್ಗಿಸದೆ ಒಳಹೋಗುವಂತಿಲ್ಲ. ಒಳಗೆ ಬೆಳಕು ಕಡಮೆ. ಆಂಜನೇಯನ ಮುಂದೊಂದು ದೀಪ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ, ಗುದ್ದಲಿಯಿಂದ ಅಗೆದಗೆದು ಹದಗೊಳಿಸುವ ಕೆಲಸವೇ ಒಂದು ಸಾಮು. ಅನಂತರ ದಂಡೆ, ಬಸ್ಕಿ. ಅವು ಮುಗಿದ ಮೇಲೆ ಗೋಡೆಗೊರಗಿಸಿದ ಗದೆ, ಮೂಲೆಯಲ್ಲಿರುವ ಕಲ್ಲುಗುಂಡು. ಗದೆಯನ್ನು ಹೆಗಲ ಹಿಂದಕ್ಕೆ ಇಳಿಬಿಟ್ಟು ಮತ್ತೆ ಮುಂದಕ್ಕೆ ಸೆಳೆವಾಗ, ಭಾರವೆಲ್ಲವೂ ದೂರದ ತುದಿಯಲ್ಲಿ ನೆಲೆಸಿರುವುದರಿಂದ, ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಮೈಯ ಯಾವ ಅಂಗವೂ ಸುಮ್ಮನಿರುವಂತಿಲ್ಲ. ತೋಳೊಂದನ್ನೇ ಬೆಳೆಸಿಕೊಂಡವನಿಗೆ ಅದು ವಶವಾಗದು.

ಈ ಕ್ರಮದ ಪ್ರಾಚೀನತೆ ಅಲ್ಪವಾದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಅವರು ನಿತ್ಯವೂ ಕೈಕೊಳ್ಳಬೇಕಾದ ಶ್ರಮಗಳನ್ನು ಹೆಸರಿಸಿದೆ: ಭಾರವೆತ್ತುವ ಭಾರಶ್ರಮ, ನಡೆದು ಬರುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳನ್ನು ಗಟ್ಟಿಗೊಳಿಸುವ ಬಾಹುಪೆಲ್ಲಣಕಶ್ರಮ, ನೆಟ್ಟ ಕಂಬದೊಡನೆ ಮಾಡುವ ಸ್ತಂಭಶ್ರಮ. ಎದುರಾಳಿಯನ್ನು ಮಣ್ಣಿಗೆ ಕೆಡಹುವುದೊಂದೇ ಗುರಿಯಾಗಿದ್ದರೂ ಆ ಮಲ್ಲನಿಗೆ ಈಜನ್ನೂ ನಡಿಗೆಯನ್ನೂ ವಿಧಿಸಿದ ರಾಜನ ವಿವೇಕವು ನನ್ನನ್ನು ಬೆರಗುಗೊಳಿಸುತ್ತದೆ. ಮೈಸೂರಿನಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳ ಹೆಸರು ಕೂಡ ಆ ಜ್ಯೇಷ್ಠಿ ಶಬ್ದದ ತದ್ಭವವೆಂದೇ ವಿದ್ವಾಂಸರ ಮತ.

ಗುಬ್ಬಿಯ ತೆಂಗಿನ ತೋಟಗಳಲ್ಲಿ ಮರವೇರಿದವನಿಗೂ, ಕುಣಿಗಲ್ಲಿನ ಕಣದಿಂದ ರಾಗಿಯ ಮೂಟೆ ಹೊತ್ತು ತಂದವನಿಗೂ ಶಕ್ತಿಯೆಂಬುದು ದಿನದ ದುಡಿಮೆಯಿಂದ ಬೇರೆಯಾದ ವಸ್ತುವಾಗಿರಲಿಲ್ಲ. ಬೇರೆಯಾದುದು ಹೇಗೆಂಬುದಕ್ಕೆ ಕುಣಿಗಲ್ಲಿನ ಕುದುರೆ ಫಾರಂ ಒಂದು ಸಾಕ್ಷಿ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿಗಾಗಿ ಕುದುರೆಗಳನ್ನು ಸಾಕಿದ ಅದೇ ನೆಲದಲ್ಲಿ, ಯುದ್ಧದ ರೀತಿಯೇ ಮಾರ್ಪಟ್ಟ ಮೇಲೆ, ಪಂದ್ಯದ ಕುದುರೆಗಳು ಬೆಳೆದವು. ಮನುಷ್ಯನ ಮೈಯ ವಿಷಯದಲ್ಲಿಯೂ ಹೀಗೆಯೇ ಆಯಿತು: ಯಂತ್ರವು ಭಾರ ಹೊರತೊಡಗಿದ ಬಳಿಕ, ಬಲವು ಪ್ರದರ್ಶನಕ್ಕೂ ಪಂದ್ಯಕ್ಕೂ ಸಂದಿತು.

ಆ ಸಂಧಿಕಾಲದಲ್ಲಿ ನಿಂತವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಓದುಗರಿಗೆಲ್ಲ ಪರಿಚಿತರಾದ ಕೆ. ವಿ. ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ, ಅಂಚೆಯ ಮೂಲಕ ಪಾಠ ಕಳುಹಿಸಿ, ಬಾರ್‌ಬೆಲ್ಲಿನ ಜತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಬೋಧಿಸಿದ ಅವರು, ತಮ್ಮ ದೇಹವನ್ನೇ ಶಿಲ್ಪದಂತೆ ತಿದ್ದಿಕೊಂಡು ಛಾಯಾಚಿತ್ರಗಳಲ್ಲಿ ತೋರಿದರು. ಅವರ ಸಾಧನೆಗೆ ನಾನು ತಲೆಬಾಗುತ್ತೇನೆ. ಆದರೂ ಗರಡಿಯ ಮಬ್ಬಿನಿಂದ ಕನ್ನಡಿಯ ಎದುರಿಗೆ ದೇಹವು ಬಂದು ನಿಂತುದು ಅವರ ಕಾಲದಲ್ಲಿಯೇ ಎಂಬುದನ್ನು ಮರೆಯಲಾರೆ.

ಕನ್ನಡಿಯಿಂದ ಮತ್ತೆ ಕೆಲಸದ ಕಡೆಗೆ ಮುಖ ತಿರುಗಿಸಿದ ಸ್ಪರ್ಧೆಯೊಂದು 2007ರಲ್ಲಿ ಕ್ಯಾಲಿಫೋರ್ನಿಯದ ಅರೋಮಾಸ್ ಎಂಬಲ್ಲಿ ಆರಂಭವಾಯಿತು. ಅದರ ಹೆಸರು ಕ್ರಾಸ್‌ಫಿಟ್ ಗೇಮ್ಸ್. ಓಟ, ಈಜು, ಬಾರ್‌ಬೆಲ್, ಹಗ್ಗವೇರುವುದು, ಮರಳಿನ ಚೀಲ ಹೊರುವುದು ಮುಂತಾದವುಗಳಿಂದ ಕೂಡಿದ ಆ ಸ್ಪರ್ಧೆಯಲ್ಲಿ, ಏನನ್ನು ಮಾಡಬೇಕಾಗುವುದೆಂಬುದು ಅನೇಕ ವೇಳೆ ಸಮಯ ಹತ್ತಿರವಾಗುವವರೆಗೂ ಸ್ಪರ್ಧಿಗೆ ತಿಳಿಯದು. ಅಲ್ಲಿ 2015 ಮತ್ತು 2016ರಲ್ಲಿ ಎರಡನೆಯ ಸ್ಥಾನಕ್ಕೆ ನಿಂತ ಆಸ್ಟ್ರೇಲಿಯದ ಟಿಯಾ-ಕ್ಲೇರ್ ಟೂಮಿ, 2017ರಿಂದ 2022ರವರೆಗೆ ಸತತವಾಗಿ ಆರು ಸಲ ಗೆದ್ದರು. ನಡುವೆ ರಿಯೋ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 58 ಕಿಲೋ ವರ್ಗದಲ್ಲಿ ಚಿನ್ನ ಪಡೆದರು. 2023ರಲ್ಲಿ ತಾಯಿಯಾದುದರಿಂದ ಒಂದು ವರ್ಷ ದೂರವುಳಿದು, 2024 ಮತ್ತು 2025ರಲ್ಲಿ ಮರಳಿ ಬಂದು ಗೆದ್ದಾಗ ಒಟ್ಟು ಗೆಲುವು ಎಂಟಾಯಿತು. ಸೋಮೇಶ್ವರನ ಭಾರಶ್ರಮ, ಸಲಿಲಶ್ರಮಗಳನ್ನು ಓದಿದವನಿಗೆ ಆಕೆಯ ದಿನಚರಿ ಅಪರಿಚಿತವೆನಿಸದು.

ಅಪರಿಚಿತವೆನಿಸುವುದು, ಆ ಅಗ್ರಸ್ಥಾನದಲ್ಲಿ ಹೆಣ್ಣುಮಗಳೊಬ್ಬಳು ನಿಂತಿರುವುದು. ನಮ್ಮ ಗರಡಿಯ ಗಿಡ್ಡ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಅದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ, ಏಕೆಂದರೆ ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಮುಂದೆ ಕುಳಿತು, ಗೂಟ ಹಿಡಿದು ಮನೆಮಂದಿಗೆಲ್ಲ ಸಾಲುವಷ್ಟು ಹಿಟ್ಟು ಬೀಸಿ, ಒನಕೆ ಹಿಡಿದು ಕುಟ್ಟಿದವರು ಅವರೇ. ಗರಡಿಯಲ್ಲಿ ಗುಂಡೆತ್ತುವವನು ಕಲ್ಲನ್ನು ನೆಲದಿಂದ ಒಮ್ಮೆಗೇ ಹೆಗಲಿಗೇರಿಸುವುದಿಲ್ಲ. ಮೊದಲು ತೊಡೆಯ ಮೇಲಕ್ಕೆ ತಂದು, ಅಲ್ಲಿ ಒಂದು ಉಸಿರು ತೆಗೆದುಕೊಂಡು, ಎದೆಗವಚಿಕೊಂಡು ಏಳುತ್ತಾನೆ. ಮರಳಿನ ಚೀಲವನ್ನು ಎತ್ತುವಾಗ ಇಂದಿನ ಸ್ಪರ್ಧಿಯೂ ಹಾಗೆಯೇ ಮಾಡುತ್ತಾಳೆ. ಕೆರೆಯ ಮೆಟ್ಟಿಲ ಮೇಲೆ ತುಂಬಿದ ಹಿತ್ತಾಳೆಯ ಕೊಡದ ಕಂಠಕ್ಕೆ ಕೈಹಾಕಿದ ನನ್ನ ಅಜ್ಜಿ, ಮೊಣಕಾಲು ಬಗ್ಗಿಸಿ, ಅದನ್ನು ಮೊದಲು ತೊಡೆಗೆ ತಂದು, ತೊಡೆಯಿಂದ ಸೊಂಟಕ್ಕೆ ಜಾರಿಸಿ, ಒಂದು ಹನಿಯೂ ತುಳುಕದಂತೆ ಎದ್ದು ನಿಂತು, ಇನ್ನೊಂದು ಕೈಯಿಂದ ಸೆರಗು ಸರಿಪಡಿಸಿಕೊಂಡು ಏರಿ ಹತ್ತಿ ಬರುತ್ತಿದ್ದಳು.